ವಸಡಿನಲ್ಲಿ ರಕ್ತ ಬಂದರೆ

ಹಲ್ಲುಜ್ಜುವಾಗ ರಕ್ತ ಕಂಡರೆ ನಮ್ಮಲ್ಲಿ ಅನೇಕರು ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಕೆಲವರು ಬ್ರಷ್ಷನ್ನೇ ಬಿಟ್ಟು ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುತ್ತಾರೆ. ಆದರೆ ರಕ್ತ ಬರುವ ಜಾಗವೇ ಹೆಚ್ಚು ಶುಚಿಯಾಗಬೇಕಾದ ಜಾಗ. ಅಲ್ಲಿ ಮೆದುವಾದ ಬ್ರಷ್‌ನಿಂದ ಹಗುರವಾಗಿ ಉಜ್ಜುತ್ತಲೇ ಇರಬೇಕು.

ಊಟವಾದ ಮೇಲೆ ಹಲ್ಲಿನ ಬುಡದಲ್ಲಿ ಅಂಟಂಟಾದ ಒಂದು ತೆಳುಪೊರೆ ಕೂರುತ್ತದೆ. ಅದರ ತುಂಬ ಕ್ರಿಮಿಗಳು. ಉಜ್ಜಿದರೆ ಹೋಗುತ್ತದೆ, ಬಿಟ್ಟರೆ ಕೆಲವೇ ದಿನಗಳಲ್ಲಿ ಎಂಜಲಿನ ಲವಣ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದನ್ನೇ ನಾವು ಪಾಚಿ ಕಟ್ಟಿದೆ ಎನ್ನುವುದು. ವಸಡು ಕೆಂಪಾಗಿ, ಊದಿ, ರಕ್ತ ಒಸರುವ ಈ ಹಂತದಲ್ಲೇ ಎಚ್ಚೆತ್ತರೆ ಪೂರ್ತಿ ಗುಣವಾಗುತ್ತದೆ. ಮುಂದುವರಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದಿಯಾಗುತ್ತದೆ, ಒಳಗಿನ ಮೂಳೆ ಕರಗುತ್ತದೆ, ಹಲ್ಲು ಅಲ್ಲಾಡುತ್ತದೆ. ಹೀಗೆ ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಕಷ್ಟವೆಂದರೆ, ಇಷ್ಟೆಲ್ಲ ಆಗುವಾಗ ನೋವೇ ಇರದಿರಬಹುದು. ಹಲ್ಲು ಹೋದರೂ ಮುದ್ದೆ ನುಂಗಬಹುದು, ನಿಜ. ಹುರಿಗಡಲೆ, ಮಾಂಸ ಅಗಿಯಲು ಹಲ್ಲೇ ಬೇಕಲ್ಲ!

ಬೀಡಿ ಸೇದುವವರಿಗೆ ಇನ್ನೊಂದು ಮೋಸವಿದೆ. ಹೊಗೆಯಿಂದ ವಸಡಿನ ರಕ್ತನಾಳಗಳು ಕುಗ್ಗುವುದರಿಂದ ರಕ್ತ ಕಾಣುವುದೇ ಕಡಿಮೆ. ರೋಗ ಒಳಗೇ ಬೆಳೆಯುತ್ತದೆ. ಎಲೆ‑ಅಡಿಕೆಯೊಂದಿಗೆ ಹೊಗೆಸೊಪ್ಪು, ಕಡ್ಡಿಪುಡಿ ಒತ್ತಿಡುವವರಿಗೆ ಒತ್ತಿಡುವ ಕಡೆಯೇ ವಸಡು ಕೆಳಗಿಳಿಯುತ್ತದೆ. ಬಾಯಲ್ಲಿ ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರವಾದರೂ ಮಾಯದಿದ್ದರೆ ತಡಮಾಡದೆ ತೋರಿಸಬೇಕು. ಅದು ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಮಾತನ್ನು ಹಿರಿಯರಿಂದ ಕೇಳುತ್ತಲೇ ಇರುತ್ತೇವೆ. ಅದು ಸರಿಯಲ್ಲ. ವೈದ್ಯರು ತೆಗೆಯುವುದು ಪಾಚಿಯನ್ನು, ಹಲ್ಲನ್ನಲ್ಲ. ಮೂಳೆ ಮೊದಲೇ ಕರಗಿದ್ದು, ಪಾಚಿಯೇ ಸಂದಿ ತುಂಬಿಕೊಂಡಿದ್ದರೆ, ಅದು ಹೋದಾಗ ಸಂದಿ ಕಾಣುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನಿಸಬಹುದು, ಅಷ್ಟೇ. ಸಂದಿ ಆಳವಾಗಿದ್ದರೆ ಬೇರಿನವರೆಗೂ ಶುಚಿ ಮಾಡುತ್ತಾರೆ. ಕೆಲವರಿಗೆ ವಸಡಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗಟ್ಟಿಯಾದ ಪಾಚಿ ಉಪ್ಪುನೀರಿಗಾಗಲಿ, ಲವಂಗಕ್ಕಾಗಲಿ, ಜಾಹೀರಾತಿನ ಪೇಸ್ಟಿಗಾಗಲಿ ಹೋಗದು.

ಮನೆಯಲ್ಲಿ ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜಿದರೆ ಸಾಕು. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿಯಿರಿ. ರಾತ್ರಿಯದನ್ನು ತಪ್ಪಿಸಬೇಡಿ. ಹಲ್ಲಿನ ಸಂದಿಗೆ ದಾರ ಅಥವಾ ಸಂದಿಯ ಸಣ್ಣ ಬ್ರಷ್ ಬಳಸಿ. ಗುಂಡುಸೂಜಿ ಬೇಡವೇ ಬೇಡ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ.

ಸಕ್ಕರೆ ಕಾಯಿಲೆ ಇದ್ದವರು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಬಸುರಿಯರಿಗೂ ವಸಡು ಊದುವುದುಂಟು. ಬಸುರಿ ಎಂದು ತಿಳಿಸಿ ತೋರಿಸಿಕೊಳ್ಳಲು ಹೆದರಬೇಕಿಲ್ಲ.

ತಾಳವಾಡಿ ಕಡೆಯ ನಾವು ಚಾಮರಾಜನಗರಕ್ಕೆ ಹೋದರೆ ಮಾತಿನ ತೊಂದರೆಯಿಲ್ಲ. ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋದಾಗ ಕೆಲವರು ಹೇಳಲಾರದೆ "ಪಲ್ಲು ವಲಿ" ಎಂದಷ್ಟೇ ಹೇಳಿ, ಮಾತ್ರೆ ತೆಗೆದುಕೊಂಡು ಬರುತ್ತಾರೆ. ವಸಡಿಗೆ ತಮಿಳಿನಲ್ಲಿ "ಈರು", ಮಲಯಾಳದಲ್ಲಿ "ಮೋಣ". ರಕ್ತ ಎಷ್ಟು ದಿನದಿಂದ ಬರುತ್ತಿದೆ, ಸಕ್ಕರೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಎಂಬುದನ್ನು ಹೇಳಲೇಬೇಕು. ಮಾತ್ರೆಯ ಚೀಟಿಯನ್ನೇ ಜೊತೆಗೆ ಕೊಂಡೊಯ್ದರೆ ಇನ್ನೂ ಒಳ್ಳೆಯದು.