ನಿಂತ ಲಾರಿಯ ಲೆಕ್ಕ: ಪಶ್ಚಿಮ ಬೆಂಗಳೂರಿನ ಸರಕು ಸಾಗಣೆ ಕಲಿಸುವ ಪಾಠಗಳು

ಪಶ್ಚಿಮ ಬೆಂಗಳೂರಿನಲ್ಲಿ ಸರಕು ಸಾಗಣೆಯನ್ನೇ ವೃತ್ತಿಯಾಗಿಸಿಕೊಂಡವರ ಅನುಭವವು ಮತ್ತೆ ಮತ್ತೆ ದೃಢಪಡಿಸುವ ಪಾಠವೆಂದರೆ, ಲಾರಿಯೊಂದರ ಲಾಭನಷ್ಟವು ಹೆದ್ದಾರಿಯಲ್ಲಿ ಅದು ಓಡುವ ವೇಗಕ್ಕಿಂತ ಹೆಚ್ಚಾಗಿ ಕಾರ್ಖಾನೆಯ ಗೇಟಿನಲ್ಲಿ, ಗೋದಾಮಿನ ಅಂಗಳದಲ್ಲಿ ಅದು ನಿಲ್ಲುವ ಗಂಟೆಗಳಿಂದ ನಿರ್ಧಾರವಾಗುತ್ತದೆ ಎಂಬುದು. ಲಾರಿ ಓಡಲಿ ಬಿಡಲಿ, ಸಾಲದ ಕಂತು, ವಿಮೆ ಮತ್ತು ತೆರಿಗೆ ನಡೆದೇ ಇರುತ್ತವೆ. ಬಾಡಿಗೆ ಹುಟ್ಟುವುದು ಚಕ್ರ ಉರುಳಿದಾಗ ಮಾತ್ರ.

ದಾರಿಯ ತಡೆಗಳು ಈಗ ಮೊದಲಿನಷ್ಟಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ತೆರವಾದವು. 2021ರ ಫೆಬ್ರವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಗೊಂಡಿತು. ಆದರೆ ಗೇಟಿನ ಮುಂದಿನ ಕಾಯುವಿಕೆಯನ್ನು ಸರ್ಕಾರದ ಯಾವ ಸುಧಾರಣೆಯೂ ನೀಗಿಸಲಾರದು. ಆ ಹೊಣೆ ಸರಕು ಕಳಿಸುವವರ, ಸಾಗಿಸುವವರ ಮತ್ತು ಪಡೆಯುವವರ ಮೇಲಿದೆ.

ಪ್ರದೇಶದ ರಚನೆಗೆ ತಕ್ಕ ವಾಹನವನ್ನು ಆರಿಸುವುದು ಮೊದಲ ಹೆಜ್ಜೆ. ತುಮಕೂರು, ಮಾಗಡಿ ಮತ್ತು ಮೈಸೂರು ರಸ್ತೆಗಳನ್ನು ಹೊರವಲಯದಲ್ಲಿ ನೈಸ್ ರಸ್ತೆ ಜೋಡಿಸುತ್ತದೆಯಾದರೂ, ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಅನೇಕ ವರ್ಕ್‌ಶಾಪ್‌ಗಳು ಮನೆಗಳ ನಡುವಿನ ಕಿರುಬೀದಿಗಳಲ್ಲಿವೆ, ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಗರದೊಳಗೆ ನಿರ್ಬಂಧವೂ ಇದೆ. ಆದ್ದರಿಂದ ಎರಡು ಸಲ ಹಮಾಲಿ ತೆರಬೇಕಾದರೂ, 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನಂಥ ಸಣ್ಣ ಗಾಡಿಗಳಲ್ಲಿ ಸರಕನ್ನು ನೆಲಮಂಗಲ ಅಥವಾ ಕುಂಬಳಗೋಡಿನ ಕಡೆಯ ಗೋದಾಮಿಗೆ ಒಯ್ದು, ಪಾರ್ಟ್ ಲೋಡುಗಳನ್ನು, ಅಂದರೆ ಒಂದು ಲಾರಿ ತುಂಬದಷ್ಟು ಚಿಕ್ಕ ಸರಕುಗಳನ್ನು, ಅಲ್ಲಿ ಒಟ್ಟುಗೂಡಿಸಿ ದೂರದ ಲಾರಿಗೆ ಏರಿಸುವುದು ಲೇಸು.

ಕಾಗದಪತ್ರಗಳ ಅನುಕ್ರಮವೂ ಅಷ್ಟೇ ಮುಖ್ಯ. 50,000 ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಬೇಕಾಗುವ ವಿದ್ಯುನ್ಮಾನ ರಹದಾರಿಯೇ ಇ-ವೇ ಬಿಲ್; ರಾಷ್ಟ್ರೀಯ ವ್ಯವಸ್ಥೆಯಲ್ಲಿ ಅದನ್ನು 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಮೊದಲು ಅನ್ವಯಿಸಿದ ರಾಜ್ಯ ಕರ್ನಾಟಕ. ವಾಹನದ ಸಂಖ್ಯೆಯನ್ನು ದಾಖಲಿಸುವ ‘ಬಿ’ ಭಾಗ ತುಂಬಿದ ಹೊತ್ತಿನಿಂದ ಅದರ ಅವಧಿ ಆರಂಭವಾಗುತ್ತದೆ, 2021ರ ಜನವರಿಯಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ದೊರೆಯುತ್ತದೆ. ಲೋಡಿಂಗ್ ಆರಂಭವಾಗುವ ಮುನ್ನವೇ ‘ಬಿ’ ಭಾಗ ತುಂಬಿದರೆ, ಲಾರಿ ಅಂಗಳದಲ್ಲಿ ನಿಂತಿರುವಾಗಲೇ ಅವಧಿ ಕರಗುತ್ತದೆ. ಹಗ್ಗ ಬಿಗಿದು, ಟಾರ್ಪಾಲು ಹೊದಿಸುವ ಹೊತ್ತಿಗೆ ತುಂಬುವುದು ಅನುಭವಿಗಳ ಕ್ರಮ.

ಸಮಯ ನಿಗದಿಯ ಮಾದರಿ ಕೆಂಗೇರಿಯಿಂದ ದೂರವೇನಿಲ್ಲ. ಬಿಡದಿಯಲ್ಲಿ 1999ರಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು, ಬಿಡಿಭಾಗಗಳನ್ನು ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವ ‘ಜಸ್ಟ್ ಇನ್ ಟೈಮ್’ ಎಂಬ ಜಪಾನಿ ಪದ್ಧತಿಯನ್ನು ಈ ಭಾಗಕ್ಕೆ ತಂದಿತು. ಒಂದೇ ವಾಹನವು ಸಮಯಪಟ್ಟಿಯಂತೆ ಹಲವು ಪೂರೈಕೆದಾರರಲ್ಲಿಗೆ ಹೋಗಿ ಸರಕು ಸಂಗ್ರಹಿಸುವ ‘ಮಿಲ್ಕ್ ರನ್’ ಈ ಪದ್ಧತಿಯ ಅಂಗ. ಸಣ್ಣ ಕಾರ್ಖಾನೆಗಳು ಅದನ್ನು ಪೂರ್ತಿ ಅಳವಡಿಸಿಕೊಳ್ಳಲಾಗದಿದ್ದರೂ, ಪ್ರತಿ ಲಾರಿಗೂ ಬರುವ ಹೊತ್ತನ್ನು ಮೊದಲೇ ತಿಳಿಸಿ, ಹಮಾಲರನ್ನು ಆ ಹೊತ್ತಿಗೆ ಸಿದ್ಧವಿರಿಸಲು ಹೆಚ್ಚಿನ ಬಂಡವಾಳವೇನೂ ಬೇಡ.

ಕಾಯುವಿಕೆಯ ಭಾರ ಕೊನೆಗೆ ಬೀಳುವುದು ಚಾಲಕನ ಮೇಲೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆಯ ದುಡಿಮೆಯನ್ನೂ, 5 ಗಂಟೆ ಮೀರುವ ಮುನ್ನ ಅರ್ಧ ಗಂಟೆಯ ವಿರಾಮವನ್ನೂ ಸಾಮಾನ್ಯ ನಿಯಮವಾಗಿ ವಿಧಿಸಿತ್ತು. ಹಗಲೆಲ್ಲ ಗೇಟಿನಲ್ಲಿ ಸರದಿ ಕಾದವನನ್ನೇ ರಾತ್ರಿಯಿಡೀ ಓಡಿಸಿದಾಗ ಆ ನಿಯಮದ ಆಶಯವೇ ಸೋಲುತ್ತದೆ. ಲಾರಿ ಗೇಟಿಗೆ ಬಂದ ಹಾಗೂ ಹೊರಟ ಹೊತ್ತನ್ನು ಎಲ್‌ಆರ್, ಅಂದರೆ ಸಾಗಣೆದಾರನು ಕೊಡುವ ಸರಕು ರಸೀದಿಯ ಮೇಲೆ ಬರೆದು ಉಭಯರೂ ಸಹಿ ಹಾಕುವ, ಒಪ್ಪಿದ ಅವಧಿ ಮೀರಿದರೆ ಹಾಲ್ಟಿಂಗ್ ಹಣ ತೆತ್ತು ಅದರಲ್ಲಿ ಚಾಲಕನಿಗೂ ಪಾಲು ಕೊಡುವ ಕ್ರಮ ಎಲ್ಲೆಡೆ ನೆಲೆಗೊಳ್ಳಬೇಕು. ಕಾಯಿಸಿದವನೇ ಬೆಲೆ ತೆರುವಂತಾದರೆ ಕಾಯಿಸುವುದು ತಾನಾಗಿ ಕಡಿಮೆಯಾಗುತ್ತದೆ, ಚಾಲಕನಿಗೆ ನಿದ್ದೆಯೂ ದಕ್ಕುತ್ತದೆ.