ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ದಿನ? ತಜ್ಞ ವೈದ್ಯರ ಬಳಿ ಹೋಗುವುದು ಯಾವಾಗ?

ನಿಮ್ಮ ಅಡುಗೆಮನೆಯ ಕಪಾಟಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯ ಸ್ಟ್ರಿಪ್ ಇದೆಯೇ? ಅದನ್ನು ಮನೆಯಲ್ಲಿ ಯಾರು ನುಂಗುತ್ತಿದ್ದಾರೆ, ಎಷ್ಟು ತಿಂಗಳಿನಿಂದ ನುಂಗುತ್ತಿದ್ದಾರೆ ಎಂದು ಇಂದೇ ವಿಚಾರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುತ್ತದೆ, ನುಂಗಿದರೆ ಉರಿ ತಗ್ಗುತ್ತದೆ. ಹಾಗಾಗಿ ವೈದ್ಯರ ಬಳಿ ಹೋಗುವ ಮಾತೇ ಬರುವುದಿಲ್ಲ. ಆದರೆ ಮಾತ್ರೆ ಉರಿಯನ್ನು ತಗ್ಗಿಸುತ್ತದೆಯೇ ಹೊರತು ಉರಿಗೆ ಕಾರಣವೇನೆಂದು ಹೇಳುವುದಿಲ್ಲ. ಹೊಟ್ಟೆಯ ಹುಣ್ಣು, ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಜಠರದ ಕ್ಯಾನ್ಸರ್ ಕೂಡ ಆರಂಭದಲ್ಲಿ ಬರೀ 'ಗ್ಯಾಸ್' ಎಂದೇ ಅನಿಸಬಹುದು.

ಕಾರಣಗಳೇನು?

ರಾತ್ರಿ ತಡವಾಗಿ ಊಟ ಮಾಡಿ ಕೂಡಲೇ ಮಲಗುವುದು, ಪಾಳಿ ಕೆಲಸದಿಂದ ಹೊತ್ತು ತಪ್ಪುವ ಊಟ, ಬೀಡಿ, ಸಿಗರೇಟು, ಗುಟ್ಕಾ ಎದೆಯುರಿಯನ್ನು ಹೆಚ್ಚಿಸುತ್ತವೆ. ಅಡಿಕೆಯ ನಾಡಾದ ನಮ್ಮಲ್ಲಿ ಇದನ್ನು ನೆನಪಿಡಬೇಕು: ತಂಬಾಕು ಸೇರಿಸದೆ ಅಗಿದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ.

ಮಂಡಿನೋವಿಗೆ, ಸೊಂಟನೋವಿಗೆ ನಿತ್ಯ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಬಲ್ಲವು. ಇನ್ನೊಂದು ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹುಣ್ಣಿಗೂ ಇದಕ್ಕೂ ಇರುವ ನಂಟನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಸೋಂಕು ಇದ್ದರೆ ಗ್ಯಾಸ್ಟ್ರಿಕ್ ಮಾತ್ರೆಯೊಂದೇ ಸಾಲದು. ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಆಂಟಿಬಯಾಟಿಕ್‌ಗಳನ್ನೂ ತಪ್ಪದೆ ಸೇವಿಸಬೇಕು.

ವಾರಗಳನ್ನು ಎಣಿಸಿ

ಮದುವೆಯ ಬಿರಿಯಾನಿ ಉಂಡ ಮರುದಿನ ಎದೆಯುರಿದರೆ ಗಾಬರಿ ಬೇಡ. ಆದರೆ ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಎದೆಯುರಿ ಅಥವಾ ಹುಳಿತೇಗು ಬರುತ್ತಿದ್ದರೆ ಮೊದಲು ನಿಮ್ಮ ಕುಟುಂಬದ ವೈದ್ಯರನ್ನು ಕಾಣಿ. ಅವರು ಕೊಟ್ಟ ಔಷಧಿಯನ್ನು ನಾಲ್ಕರಿಂದ ಎಂಟು ವಾರ ಸರಿಯಾಗಿ ಸೇವಿಸಿದರೂ ಗುಣ ಕಾಣದಿದ್ದರೆ, ಅಥವಾ ನಿಲ್ಲಿಸಿದ ಕೂಡಲೇ ಮರಳಿ ಬಂದರೆ, ತಜ್ಞರನ್ನು ಕಾಣುವ ಸಮಯ ಬಂದಿದೆ ಎಂದು ತಿಳಿಯಿರಿ. ಮಲವಿಸರ್ಜನೆಯ ಕ್ರಮ ಬದಲಾಗಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ ಆಗಲೂ ವೈದ್ಯರಿಗೆ ತೋರಿಸಿ.

ಈ ಲಕ್ಷಣಗಳಿದ್ದರೆ ವಾರ ಎಣಿಸುತ್ತಾ ಕೂರಬೇಡಿ:

• ನುಂಗಲು ಕಷ್ಟ, ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು
• ಪ್ರಯತ್ನಿಸದೆಯೇ ತೂಕ ಇಳಿಯುವುದು
• ಪದೇ ಪದೇ ವಾಂತಿ
• ರಕ್ತಹೀನತೆ, ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ಗಂಟು
• ಮಲದಲ್ಲಿ ರಕ್ತ
• 50 ವರ್ಷ ದಾಟಿದ ಮೇಲೆ ಮೊದಲ ಬಾರಿ ಶುರುವಾದ ಅಜೀರ್ಣ
• ಮನೆತನದಲ್ಲಿ ಜಠರದ ಅಥವಾ ಕರುಳಿನ ಕ್ಯಾನ್ಸರ್

ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ.) ಎದೆಯುರಿಯ ಜೊತೆ ಬೆವರು, ಉಸಿರಾಟದ ಕಷ್ಟ, ತೋಳು ಅಥವಾ ದವಡೆಯ ನೋವು ಇದ್ದರೆ ಅದು ಹೃದಯಾಘಾತ ಇರಬಹುದು. ಸೋಡಾ ಕುಡಿಸುತ್ತಾ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ.

ನಾಚಿಕೆ ಬೇಡ

ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ ಇರಬೇಕು' ಎಂದು ಸುಮ್ಮನಾಗುವವರು ಬಹಳ. ಹೆಣ್ಣುಮಕ್ಕಳಂತೂ ಗಂಡನಿಗೂ ಹೇಳುವುದಿಲ್ಲ. ಅದು ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಪರೀಕ್ಷಿಸಿದ ವೈದ್ಯರು ಹೇಳಬೇಕೇ ಹೊರತು ನಾವೇ ತೀರ್ಮಾನಿಸಬಾರದು. ಮಹಿಳಾ ವೈದ್ಯರು ಬೇಕೆಂದು ಕೇಳಿಕೊಳ್ಳಿ, ಪರೀಕ್ಷೆಯ ವೇಳೆ ಅಕ್ಕನೋ ಅಮ್ಮನೋ ಜೊತೆಗಿರಲಿ. ತಡವಾಗಿ ತಿಳಿಯುವ ಕಾಯಿಲೆಯ ಮುಂದೆ ಈ ಸಂಕೋಚ ಏನೇನೂ ಅಲ್ಲ.

ಎಲ್ಲಿಗೆ ಹೋಗುವುದು?

ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಹೆಚ್ಚಿನ ತಪಾಸಣೆಗೆ ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ, ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ಮೊದಲು ಸಾಮಾನ್ಯ ವೈದ್ಯಕೀಯ ವಿಭಾಗಕ್ಕೆ ಹೋಗಿ. ಜೀರ್ಣಾಂಗ ತಜ್ಞರು, ಅಂದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್, ಬೇಕೇ ಎಂಬುದನ್ನು ಅಲ್ಲಿಯ ವೈದ್ಯರು ತಿಳಿಸುತ್ತಾರೆ. ಹೋಗುವಾಗ ಹಳೆಯ ಚೀಟಿಗಳು, ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಎಂಡೋಸ್ಕೋಪಿ ಎಂದರೆ ಹೆದರಬೇಡಿ. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಹೋದರೆ, ತೆಳುವಾದ ಕೊಳವೆಯ ಮೂಲಕ ಅನ್ನನಾಳ ಮತ್ತು ಜಠರವನ್ನು ಕೆಲವೇ ನಿಮಿಷಗಳಲ್ಲಿ ನೋಡಿ ಮುಗಿಸುತ್ತಾರೆ.

ರಮಝಾನ್‌ಗೆ ಮುಂಚೆ

ಹುಣ್ಣು ಇರುವವರು ಉಪವಾಸ ಶುರುವಾಗುವ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು. ಔಷಧಿಯನ್ನು ಸಹರಿಗೆ ಯಾವಾಗ, ಇಫ್ತಾರ್‌ಗೆ ಯಾವಾಗ ಸೇವಿಸಬೇಕೆಂದು ಕೇಳಿಕೊಳ್ಳಿ. ಉಪವಾಸ ಬೇಡವೆಂದು ವೈದ್ಯರು ಹೇಳಿದರೆ ಹಟ ಮಾಡಬೇಡಿ. ರೋಗಿಗೆ ಉಪವಾಸ ಬಿಟ್ಟು, ಗುಣವಾದ ಮೇಲೆ ಪೂರೈಸುವ ಅನುಮತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ದೇಹ ಅವನು ನಮಗೆ ವಹಿಸಿದ ಅಮಾನತ್ತು. ಅದನ್ನು ಸಕಾಲದಲ್ಲಿ ತೋರಿಸಿ ಕಾಪಾಡಿಕೊಳ್ಳುವುದು ನಮ್ಮ ಹೊಣೆ.