ಹಾನ್ಲೆಯ ಹುಲ್ಲುಗಾವಲು: ನೆಲದೊಳಗಿನ ಠೇವಣಿ

ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ ಮಣ್ಣಿನ ಪಾಠ ಏತಕ್ಕೆ ಎಂದು ಕೆಲವರು ಕೇಳಬಹುದು. ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಬಂಡವಾಳ, ಜಮಾ, ಖರ್ಚು, ಸವಕಳಿ ಇವೆಲ್ಲ ಮಣ್ಣಿನಲ್ಲಿಯೂ ನಡೆಯುತ್ತವೆ. ಅದು ಬಹಳ ಚೆನ್ನಾಗಿ ಕಾಣುವುದು ಎತ್ತರದ ನದಿ ಬಯಲುಗಳ ಹುಲ್ಲುಗಾವಲಿನಲ್ಲಿ. ಅಂಥ ಮಣ್ಣು ಹೇಗೆ ಹುಟ್ಟುತ್ತದೆ, ಅದರ ಗುಣಲಕ್ಷಣಗಳೇನು, ಅದನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಲಡಾಖಿನ ಒಂದು ಉದಾಹರಣೆಯೊಂದಿಗೆ ತಿಳಿಯೋಣ.

ಸ್ಥಳದ ಪರಿಚಯ

ಲಡಾಖಿನ ಪೂರ್ವ ಭಾಗಕ್ಕೆ ಚಾಂಗ್‌ಥಾಂಗ್ ಎಂದು ಹೆಸರು. ಟಿಬೆಟ್ ಪ್ರಸ್ಥಭೂಮಿಯ ಪಶ್ಚಿಮ ಅಂಚು ಇಲ್ಲಿ ಭಾರತದೊಳಕ್ಕೆ ಚಾಚಿಕೊಂಡಿದೆ. ನೆಲದ ಎತ್ತರ ಸಮುದ್ರಮಟ್ಟದಿಂದ 4,000 ಮೀಟರಿಗೂ ಹೆಚ್ಚು. ಇಲ್ಲಿ ಹರಿಯುವ ಹಾನ್ಲೆ ನದಿ ಲೋಮಾ ಎಂಬ ಊರಿನ ಬಳಿ ಸಿಂಧೂ ನದಿಯನ್ನು ಸೇರುತ್ತದೆ.

ಹಾನ್ಲೆ ಎಂಬ ಹೆಸರು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಅಲ್ಲಿನ ಬೆಟ್ಟದ ಮೇಲೆ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಆಕಾಶ ನೋಡುವುದಕ್ಕೆ ಆ ಜಾಗವನ್ನು ಆರಿಸಿದ್ದು ಗಾಳಿ ಅಷ್ಟು ಒಣಗಿರುವುದರಿಂದ. ಅಲ್ಲಿ ಮಳೆ ಮತ್ತು ಹಿಮ ಎರಡೂ ಸೇರಿ ವರ್ಷಕ್ಕೆ 10 ಸೆಂಟಿಮೀಟರಿಗಿಂತ ಕಡಿಮೆ. ಬೆಟ್ಟಗಳು ಬೋಳು, ಕಲ್ಲು ಮತ್ತು ಮರಳು. ಆದರೆ ಬೆಟ್ಟದ ಕೆಳಗೆ ನದಿಯ ಎರಡೂ ಬದಿಗೆ ಹಸಿರು ಪಟ್ಟಿಯೊಂದು ಹಾಸಿಕೊಂಡಿದೆ. ನಮ್ಮ ಪಾಠದ ಮಣ್ಣು ಇರುವುದು ಆ ಪಟ್ಟಿಯಲ್ಲಿ.

ಈ ಮಣ್ಣು ಹೇಗೆ ಹುಟ್ಟುತ್ತದೆ?

ಹ್ಯಾನ್ಸ್ ಜೆನ್ನಿ ಎಂಬ ವಿಜ್ಞಾನಿ 1941ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಣ್ಣನ್ನು ರೂಪಿಸುವ ಐದು ಅಂಶಗಳನ್ನು ವಿವರಿಸಿದರು: ವಾಯುಗುಣ, ಜೀವಿಗಳು, ಭೂಸ್ವರೂಪ, ಮೂಲ ಶಿಲೆ ಮತ್ತು ಕಾಲ. ಐದನ್ನೂ ಹಾನ್ಲೆಯಲ್ಲಿ ಗುರುತಿಸಬಹುದು.

ಬೇಸಿಗೆಯಲ್ಲಿ ಬೆಟ್ಟದ ಹಿಮ ಕರಗಿ ನದಿ ಉಕ್ಕುತ್ತದೆ. ಉಕ್ಕಿದ ನೀರು ದಡ ದಾಟಿದಾಗ ಅದರ ವೇಗ ಕಡಿಮೆಯಾಗುತ್ತದೆ. ಭಾರವಾದ ಮರಳು ದಡದ ಹತ್ತಿರವೇ ಬೀಳುತ್ತದೆ. ಹಗುರವಾದ ಗೋಡು ಮತ್ತು ಜೇಡಿ ಸ್ವಲ್ಪ ದೂರ ಹೋಗಿ ತಂಗುತ್ತವೆ. ಹೀಗೆ ಸಾವಿರಾರು ವರ್ಷ ನಡೆದ ಮೇಲೆ ಅಡಿಯಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಮರಳು, ಮೇಲೆ ನುಣ್ಣನೆಯ ಮೆಕ್ಕಲು ಎಂಬ ಪದರಗಳು ಕೂಡಿಕೊಳ್ಳುತ್ತವೆ. ತಗ್ಗಿನ ಬಯಲಾದ್ದರಿಂದ ಅಂತರ್ಜಲ ಮೇಲಕ್ಕೇ ಇರುತ್ತದೆ. ಇಲ್ಲಿನ ಹುಲ್ಲು ಬದುಕಿರುವುದು ಮಳೆಯಿಂದಲ್ಲ, ಈ ನೀರಿನಿಂದ.

ಮುಖ್ಯ ಗುಣಲಕ್ಷಣಗಳು

1. ಕಪ್ಪು ಮೇಲ್ಪದರ. ಮೇಲಿನ ಮಣ್ಣು ಕಪ್ಪು ಅಥವಾ ಗಾಢ ಕಂದು. ಇದಕ್ಕೆ ಕಾರಣ ಸಾವಯವ ಪದಾರ್ಥ. ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣೂ ಕಪ್ಪಾಗಿದೆ, ಆದರೆ ಅದರಲ್ಲಿ ಸಾವಯವ ಇಂಗಾಲ ಕಡಿಮೆ. ಅದರ ಬಣ್ಣ ಜೇಡಿಯೊಂದಿಗೆ ಬಿಗಿಯಾಗಿ ಬೆರೆತ ಅಲ್ಪ ಹ್ಯೂಮಸ್‌ನಿಂದ ಬಂದದ್ದು. ಬಿಸಿ ಪ್ರದೇಶದಲ್ಲಿ ಬಿದ್ದ ಎಲೆ, ಬೇರು ಬೇಗ ಕೊಳೆತು ಹೋಗುತ್ತವೆ. ಉಷ್ಣತೆ 10 ಡಿಗ್ರಿ ಕಡಿಮೆಯಾದರೆ ಕೊಳೆಯುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಅಂದಾಜು ಸೂತ್ರ. ಹಾನ್ಲೆಯಂಥ ಕಡೆ ವರ್ಷದ ಬಹುಭಾಗ ನೆಲ ಹೆಪ್ಪುಗಟ್ಟಿರುವುದರಿಂದ ಸೂಕ್ಷ್ಮಜೀವಿಗಳಿಗೆ ಕೆಲಸದ ದಿನಗಳೇ ಕಡಿಮೆ.

2. ಆಮ್ಲಜನಕದ ಕೊರತೆ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ಕೊಳೆಯುವ ಕೆಲಸ ಇನ್ನೂ ನಿಧಾನವಾಗುತ್ತದೆ. ಇದರ ಗುರುತು ಕಣ್ಣಿಗೆ ಕಾಣುತ್ತದೆ: ಕೆಳಪದರ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಬೇರಿನ ದಾರಿಯಲ್ಲಿ ಗಾಳಿ ಇಳಿದ ಕಡೆ ಮಾತ್ರ ಕಬ್ಬಿಣದ ತುಕ್ಕಿನ ಕಲೆಗಳಿರುತ್ತವೆ.

3. ಬೇರಿನ ಚಾಪೆ. ಇಲ್ಲಿ ಬೆಳೆಯುವುದು ಹೆಚ್ಚಾಗಿ ಜೇಕಿನ ಕುಟುಂಬದ ಗಿಡ್ಡ ಸಸ್ಯಗಳು. ಅವುಗಳ ಬಹುಪಾಲು ತೂಕ ನೆಲದ ಕೆಳಗೇ ಇರುತ್ತದೆ. ಸತ್ತ ಬೇರು, ಬದುಕಿರುವ ಬೇರು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಚಾಪೆಯಾಗುತ್ತವೆ. ಗಾಳಿ ಎಷ್ಟು ಬೀಸಿದರೂ ಈ ಚಾಪೆ ಕೆಳಗಿನ ಮೆಕ್ಕಲನ್ನು ಹಿಡಿದುಕೊಂಡಿರುತ್ತದೆ.

4. ಗುಬ್ಬು ಗುಬ್ಬಾದ ಮೈ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ವರ್ಷವರ್ಷವೂ ನೆಲ ಹೆಪ್ಪುಗಟ್ಟಿ ಕರಗುವುದರಿಂದ ಹುಲ್ಲಿನ ನೆಲ ಸಣ್ಣ ಸಣ್ಣ ದಿಬ್ಬಗಳಾಗಿ ಉಬ್ಬುತ್ತದೆ.

5. ಅಂಚಿನಲ್ಲಿ ಉಪ್ಪು. ಒದ್ದೆ ಪಟ್ಟಿಯ ಅಂಚಿನಲ್ಲಿ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಅಲ್ಲಿ ಮಣ್ಣು ಕ್ಷಾರೀಯ, ನೆಲದ ಮೇಲೆ ಬಿಳಿ ಪುಡಿ. ಇದೇ ಪ್ರದೇಶದ ತ್ಸೋ ಕರ್ ಸರೋವರದ ದಡದಲ್ಲಿ ಹಿಂದೆ ಉಪ್ಪು ಸಂಗ್ರಹಿಸಿ ವ್ಯಾಪಾರ ಮಾಡುತ್ತಿದ್ದರು.

6. ಬೀಗ ಹಾಕಿದ ಸಾರಜನಕ. ಸಾವಯವ ಪದಾರ್ಥದಲ್ಲಿ ಸಾರಜನಕ ಸಾಕಷ್ಟಿದ್ದರೂ ಅದು ಕೊಳೆತು ಬಿಡುಗಡೆಯಾದರೆ ಮಾತ್ರ ಸಸ್ಯಕ್ಕೆ ಸಿಗುತ್ತದೆ. ಆಸ್ತಿ ಇದ್ದೂ ಕೈಯಲ್ಲಿ ನಗದು ಇಲ್ಲದ ವ್ಯಾಪಾರಿಯ ಸ್ಥಿತಿ ಇದು. ಆದ್ದರಿಂದ ಕಿತ್ತುಹೋದ ಹುಲ್ಲು ಮತ್ತೆ ಬೆಳೆಯುವುದು ಬಹಳ ನಿಧಾನ.

ಜಮಾ ಮತ್ತು ಖರ್ಚು

ಮೇಲಿನ ಅಂಶಗಳನ್ನು ಒಂದು ಖಾತೆಯಲ್ಲಿ ಬರೆದು ನೋಡೋಣ. ಪ್ರತಿವರ್ಷ ಬೇರುಗಳು ಸತ್ತು ಮಣ್ಣಿಗೆ ಸೇರುವುದು ಜಮಾ. ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುವುದು ಖರ್ಚು. ಹಾನ್ಲೆಯಲ್ಲಿ ಬೇಸಿಗೆ ಚಿಕ್ಕದು, ಜಮಾ ಸ್ವಲ್ಪವೇ. ಆದರೆ ಖರ್ಚು ಅದಕ್ಕಿಂತಲೂ ಸ್ವಲ್ಪ. ಆ ಸಣ್ಣ ಉಳಿತಾಯ ಸಾವಿರಾರು ವರ್ಷ ಸೇರಿ ಇಂದಿನ ಕಪ್ಪು ಮಣ್ಣಾಗಿದೆ. ಈ ಠೇವಣಿಗೆ ಕಾವಲುಗಾರರು ಇಬ್ಬರು: ಚಳಿ ಮತ್ತು ನೀರು. ಒಬ್ಬರು ಹೊರಟರೂ ಠೇವಣಿ ಕರಗತೊಡಗುತ್ತದೆ.

ಇದು ಊಹೆಯ ಮಾತಲ್ಲ. ಇದೇ ಟಿಬೆಟ್ ಪ್ರಸ್ಥಭೂಮಿಯ ಪೂರ್ವ ತುದಿಯಲ್ಲಿ, ಹಳದಿ ನದಿಯ ಮೇಲ್ಭಾಗದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ ಜೋಯಿಗೆ ಎಂಬ ದೊಡ್ಡ ಜೌಗು ಹುಲ್ಲುಗಾವಲಿದೆ. ಹೆಚ್ಚು ಮೇವು ಸಿಗಲಿ ಎಂದು 1960 ಮತ್ತು 70ರ ದಶಕಗಳಲ್ಲಿ ಅಲ್ಲಿ ಕಾಲುವೆ ತೋಡಿ ನೀರನ್ನು ಹೊರಗೆ ಬಿಟ್ಟರು. ಒಣಗಿದ ಮಣ್ಣಿನೊಳಗೆ ಗಾಳಿ ಹೋಯಿತು, ಸಾವಯವ ಪದಾರ್ಥ ಕೊಳೆಯಿತು, ಅಂತರ್ಜಲ ಇಳಿಯಿತು. ಕೆಲವು ಕಡೆ ಹುಲ್ಲೇ ಹೋಗಿ ಮರಳು ಕಾಣಿಸಿತು. ಈಗ ಅದೇ ಕಾಲುವೆಗಳಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸುವ ಕೆಲಸ ನಡೆದಿದೆ. ಆದಾಯ ಹೆಚ್ಚಿಸಲು ಹೋಗಿ ಬಂಡವಾಳವನ್ನೇ ತಿಂದ ಲೆಕ್ಕ ಇದು.

ಇದರ ಮೇಲೆ ನಿಂತಿರುವ ಜೀವನ

ಚಾಂಗ್‌ಥಾಂಗಿನ ಪಶುಪಾಲಕರಿಗೆ ಚಾಂಗ್‌ಪಾ ಎನ್ನುತ್ತಾರೆ. ಯಾಕ್, ಕುರಿ, ಮೇಕೆಗಳೊಂದಿಗೆ ವರ್ಷದಲ್ಲಿ ಹಲವು ಸಲ ಡೇರೆ ಬದಲಿಸುತ್ತಾರೆ. ಅವರ ಮೇಕೆಯ ಮೈಯ ಒಳಕೂದಲೇ ಪಶ್ಮೀನಾ. ಪಶ್ಮೀನಾ ಎಂಬುದು ಫಾರಸಿ ಮೂಲದ ಪದ; ನಮ್ಮ ಮನೆಗಳ ಉರ್ದುವಿಗೂ ಬಂದಿರುವ 'ಪಶ್ಮ್' ಎಂದರೆ ಉಣ್ಣೆ. ಈ ಕೂದಲಿನ ದಪ್ಪ 12ರಿಂದ 15 ಮೈಕ್ರಾನ್ ಮಾತ್ರ. ಒಂದು ಮೇಕೆಯಿಂದ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ. ಅದು ಕಾಶ್ಮೀರಕ್ಕೆ ಹೋಗಿ ಶಾಲಾಗುತ್ತದೆ. ಲಡಾಖ್ ಪಶ್ಮೀನಾಕ್ಕೆ 2023ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಶಾಲಿನ ಬೆಲೆಯಲ್ಲಿ ನೇಕಾರನ ಕೂಲಿ, ವ್ಯಾಪಾರಿಯ ಲಾಭ ಎಲ್ಲ ಸೇರಿರುತ್ತದೆ. ಆ ಮೇಕೆಗೆ ಮೇವು ಕೊಟ್ಟ ಮಣ್ಣಿನ ಹೆಸರು ಯಾವ ಬಿಲ್ಲಿನಲ್ಲೂ ಇಲ್ಲ.

ಲಡಾಖಿನ ರಾಜ್ಯಪಕ್ಷಿಯಾದ ಕಪ್ಪು ಕತ್ತಿನ ಕೊಕ್ಕರೆ ಗೂಡು ಕಟ್ಟುವುದೂ ಇಂಥ ಒದ್ದೆ ಹುಲ್ಲುಗಾವಲಿನಲ್ಲೇ. ಈಚೆಗೆ ಪ್ರವಾಸಿಗರು ಹೆಚ್ಚಿದ್ದಾರೆ. ಕೆಲವು ವಾಹನಗಳು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹೋಗುತ್ತವೆ. ಚಕ್ರದ ಭಾರಕ್ಕೆ ಬೇರಿನ ಚಾಪೆ ಹರಿಯುತ್ತದೆ, ಹರಿದಲ್ಲಿ ನೀರು ಹರಿದು ಕೊರಕಲಾಗುತ್ತದೆ. ಬೆಳೆಯಲು ವರ್ಷಕ್ಕೆ ಕೆಲವೇ ತಿಂಗಳು ಸಿಗುವ ಜಾಗದಲ್ಲಿ ಆ ಗಾಯ ಬೇಗ ಮಾಯುವುದಿಲ್ಲ. ಮುಂದೆ ನಮ್ಮಲ್ಲಿ ಯಾರಾದರೂ ಲಡಾಖಿಗೆ ಹೋದರೆ, ಫೋಟೋಗಾಗಿ ಆ ಹಸಿರಿನ ಮೇಲೆ ಗಾಡಿ ಇಳಿಸಬೇಡಿ ಎಂದು ಚಾಲಕನಿಗೆ ಹೇಳಬಹುದು. ಇಷ್ಟು ಮಾಡುವುದಕ್ಕೆ ವಿಜ್ಞಾನ ವಿಭಾಗವೇ ಆಗಬೇಕೆಂದಿಲ್ಲ.

ನೆನಪಿಡಬೇಕಾದ ಅಂಶಗಳು

• ಎತ್ತರದ ಪ್ರವಾಹ ಮೈದಾನದ ಮಣ್ಣು ನದಿ ತಂದ ಪದರಗಳಿಂದ ಹುಟ್ಟುತ್ತದೆ. ಹುಲ್ಲಿನ ಬೇರು ಅದನ್ನು ಕಪ್ಪಾಗಿಸುತ್ತದೆ.
• ಚಳಿ ಮತ್ತು ನೀರು ಎರಡೂ ಕೊಳೆಯುವುದನ್ನು ತಡೆದು ಇಂಗಾಲವನ್ನು ಉಳಿಸುತ್ತವೆ.
• ಬೂದು ಕೆಳಪದರ, ತುಕ್ಕಿನ ಕಲೆ, ಬೇರಿನ ಚಾಪೆ, ದಿಬ್ಬದ ಮೈ, ಅಂಚಿನ ಉಪ್ಪು ಇದರ ಗುರುತುಗಳು.
• ನೀರು ಬಸಿದರೆ ಅಥವಾ ಚಾಪೆ ಹರಿದರೆ ಸಾವಿರಾರು ವರ್ಷದ ಉಳಿತಾಯ ಕೆಲವೇ ದಶಕಗಳಲ್ಲಿ ಖರ್ಚಾಗಬಹುದು.